ಖಾಕಿಯಿಂದ, ಸೇನೆಯಿಂದ ಶಾಸನಸಭೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಭ್ಯರ್ಥಿಯೊಬ್ಬರು ಪೊಲೀಸ್ ಇಲಾಖೆಯಲ್ಲಿದ್ದವರು, ಸೈನ್ಯದಲ್ಲಿದ್ದವರು ಅಥವಾ ಸಮಾಜಸೇವೆ ಮಾಡಿದವರು ಎಂಬ ಮಾತು ಚುನಾವಣೆಯ ಹೊತ್ತಿಗೆ ಕರಪತ್ರದ ಮೊದಲ ಸಾಲಿಗೆ ಬಂದು ನಿಲ್ಲುತ್ತದೆ. ಆ ಸಾಲನ್ನು ಓದಿದ ಮತದಾರರು ಮಾತುಕತೆಯಲ್ಲೂ ಪತ್ರಗಳಲ್ಲೂ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಸೇವಾ ಹಿನ್ನೆಲೆಯನ್ನು ನಾನು ಗೌರವದಿಂದ ಕಾಣುತ್ತೇನೆ. ಗೌರವ ಇರುವುದರಿಂದಲೇ ಅದನ್ನು ವಿವರವಾಗಿ ವಿಚಾರಿಸಬೇಕು ಎನ್ನುವುದು ನನ್ನ ನಿಲುವು.

## ಮೊದಲು ತಿಳಿಯಬೇಕಾದದ್ದು

ಪೊಲೀಸ್ ಅಥವಾ ಮಿಲಿಟರಿಯಲ್ಲಿದ್ದವರು ಎಂಎಲ್ಎ ಆಗೋದಕ್ಕೆ ಬೇರೆ ಅರ್ಹತೆ ಏನಾದರೂ ಬೇಕಾ?

ಬೇಕಿಲ್ಲ. ಸಂವಿಧಾನದ 173ನೇ ವಿಧಿಯ ಪ್ರಕಾರ ವಿಧಾನಸಭೆಗೆ ಸ್ಪರ್ಧಿಸುವವರು ಭಾರತದ ಪೌರರಾಗಿರಬೇಕು ಮತ್ತು 25 ವರ್ಷ ತುಂಬಿರಬೇಕು. ವಿಧಾನ ಪರಿಷತ್ತಿಗಾದರೆ 30 ವರ್ಷ. ನಿವೃತ್ತ ಕಾನ್‌ಸ್ಟೆಬಲ್, ನಿವೃತ್ತ ಮೇಜರ್ ಜನರಲ್, ಅಂಗಡಿ ನಡೆಸುವವರು, ಬೇಸಾಯಗಾರರು ಎಲ್ಲರೂ ಈ ಅಳತೆಯ ಮುಂದೆ ಸಮಾನರು.

ಕೆಲಸದಲ್ಲಿದ್ದುಕೊಂಡೇ, ರಜೆ ಹಾಕಿ ಚುನಾವಣೆಗೆ ನಿಂತರೆ ಏನಾಗುತ್ತೆ?

ನಾಮಪತ್ರ ತಿರಸ್ಕೃತವಾಗುತ್ತದೆ. ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆಯಲ್ಲಿರುವವರು ಶಾಸಕರಾಗಲು ಅನರ್ಹರು ಎಂದು 191ನೇ ವಿಧಿ ಹೇಳುತ್ತದೆ. ರಜೆಯಲ್ಲಿದ್ದರೂ ಹುದ್ದೆ ಹುದ್ದೆಯೇ. ಈ ಅನರ್ಹತೆಯನ್ನು ನಾಮಪತ್ರ ಪರಿಶೀಲನೆಯ ದಿನಕ್ಕೆ ಅನ್ವಯಿಸಿ ನೋಡಲಾಗುತ್ತದೆಯಾದ್ದರಿಂದ, ಆ ದಿನದೊಳಗೆ ರಾಜೀನಾಮೆ ಕೊಟ್ಟಿದ್ದರೆ ಸಾಲದು, ಅದು ಅಂಗೀಕಾರವೂ ಆಗಿರಬೇಕು. ಅನೇಕರ ಆಸೆ ಕಮರುವುದು ಈ ಹಂತದಲ್ಲೇ.

ಅದಕ್ಕೂ ಮೊದಲೇ ಸೇವಾ ನಿಯಮಗಳು ಅಡ್ಡ ಬರುತ್ತವೆ. ಸಶಸ್ತ್ರ ಪಡೆಗಳು ಮತ್ತು ಪೊಲೀಸರ ಮೂಲಭೂತ ಹಕ್ಕುಗಳನ್ನು ಶಿಸ್ತಿನ ದೃಷ್ಟಿಯಿಂದ ಮಿತಿಗೊಳಿಸುವ ಅಧಿಕಾರವನ್ನು 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. 1954ರ ಸೇನಾ ನಿಯಮಗಳು ಸೈನಿಕರು ರಾಜಕೀಯ ಸಭೆಗಳಲ್ಲಿ ಭಾಗವಹಿಸುವುದನ್ನೂ ತಮ್ಮನ್ನು ಅಭ್ಯರ್ಥಿಯೆಂದು ಘೋಷಿಸಿಕೊಳ್ಳುವುದನ್ನೂ ನಿಷೇಧಿಸಿವೆ. ಪೊಲೀಸರಿಗೆ 1966ರ ಹಕ್ಕು ನಿರ್ಬಂಧ ಕಾಯ್ದೆಯಿದೆ; ಐಪಿಎಸ್ ಅಧಿಕಾರಿಗಳಿಗೆ 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳಿವೆ.

ಹಾಗಿದ್ದರೆ ಸಚಿನ್ ಪೈಲಟ್ ಶಾಸಕರಾಗಿದ್ದೂ ಸೇನೆಯ ಕ್ಯಾಪ್ಟನ್ ಹೇಗೆ?

ಅವರು ಇರುವುದು ಟೆರಿಟೋರಿಯಲ್ ಆರ್ಮಿಯಲ್ಲಿ. ಅದು ಪೂರ್ಣಾವಧಿ ಉದ್ಯೋಗವಲ್ಲ. ಬೇರೆ ವೃತ್ತಿಯಲ್ಲಿರುವ ನಾಗರಿಕರು ವರ್ಷದ ಕೆಲವು ದಿನ ತರಬೇತಿ ಪಡೆದು, ಕರೆ ಬಂದಾಗ ಸೇವೆಗೆ ಹೋಗುವ ವ್ಯವಸ್ಥೆ. ಪೈಲಟ್ 2012ರಲ್ಲಿ ಕೇಂದ್ರ ಸಚಿವರಾಗಿದ್ದಾಗಲೇ ಅದಕ್ಕೆ ಸೇರಿದರು, 2018ರಿಂದ ರಾಜಸ್ಥಾನದ ಟೋಂಕ್ ಕ್ಷೇತ್ರದ ಶಾಸಕರಾದರು. ಸಂಸದರ ಮಟ್ಟಿಗೆ 1959ರ ಅನರ್ಹತೆ ನಿವಾರಣಾ ಕಾಯ್ದೆಯು ಎನ್‌ಸಿಸಿ, ಟೆರಿಟೋರಿಯಲ್ ಆರ್ಮಿ ಮತ್ತು ಗೃಹರಕ್ಷಕ ದಳದ ಸದಸ್ಯತ್ವವನ್ನು ಅನರ್ಹತೆಯಿಂದ ಹೊರಗಿಟ್ಟಿದೆ. ಶಾಸಕರಿಗೆ ಆಯಾ ರಾಜ್ಯದ ಕಾಯ್ದೆ ಅನ್ವಯಿಸುತ್ತದೆ. ಕರ್ನಾಟಕದ ಕಾಯ್ದೆ 1956ರದ್ದು. ಗೃಹರಕ್ಷಕರಾಗಿರುವ ಯಾರಾದರೂ ಸ್ಪರ್ಧಿಸಲು ಯೋಚಿಸುತ್ತಿದ್ದರೆ, ಆ ಕಾಯ್ದೆಯ ಪಟ್ಟಿಯನ್ನು ವಕೀಲರೊಬ್ಬರ ಜೊತೆ ಕೂತು ಓದಿಸಿಕೊಳ್ಳುವುದು ಒಳ್ಳೆಯದು.

ಮಾಜಿ ಸೈನಿಕರಿಗೆ ವಿಧಾನಸಭೆಯಲ್ಲಿ ಮೀಸಲಾತಿ ಇದೆಯಾ?

ಇಲ್ಲ. ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಇರುವ ಮೀಸಲನ್ನು ಕಂಡು ಈ ಪ್ರಶ್ನೆ ಹುಟ್ಟುತ್ತದೆ. ಕರ್ನಾಟಕದ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ವೃತ್ತಿಯ ಆಧಾರದ ಮೇಲೆ ಮೀಸಲಾದ ಕ್ಷೇತ್ರ ಒಂದೂ ಇಲ್ಲ.

ನಮ್ಮ ಕರ್ನಾಟಕದಲ್ಲಿ ಇಂಥವರು ಯಾರಿದ್ದಾರೆ?

ತಟ್ಟನೆ ನೆನಪಾಗುವ ಹೆಸರು ಬಿ.ಸಿ. ಪಾಟೀಲ. ಪೊಲೀಸ್ ಅಧಿಕಾರಿಯಾಗಿದ್ದು, ಚಿತ್ರನಟರಾಗಿ, 2004ರಲ್ಲಿ ಹಾವೇರಿ ಜಿಲ್ಲೆಯ ಹಿರೇಕೆರೂರಿನಿಂದ ವಿಧಾನಸಭೆಗೆ ಬಂದರು. ಮುಂದೆ ಕೃಷಿ ಸಚಿವರೂ ಆದರು. 2023ರಲ್ಲಿ ಸೋತರು. ಲೋಕಸಭೆಯ ಕಡೆ ನೋಡಿದರೆ, ಬೆಂಗಳೂರಿನ ಪೊಲೀಸ್ ಕಮಿಷನರ್ ಆಗಿದ್ದ ಎಚ್.ಟಿ. ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿದರು. 2024ರಲ್ಲಿ ಸೇನೆಯ ಮಾಜಿ ಕ್ಯಾಪ್ಟನ್ ಬ್ರಿಜೇಶ್ ಚೌಟ ದಕ್ಷಿಣ ಕನ್ನಡದಿಂದ ಆಯ್ಕೆಯಾದರು. ಉಡುಪಿ, ಚಿಕ್ಕಮಗಳೂರು, ಬೆಂಗಳೂರಿನಲ್ಲಿ ಕೆಲಸ ಮಾಡಿ ಹೆಸರಾದ ಕೆ. ಅಣ್ಣಾಮಲೈ 2019ರಲ್ಲಿ ಐಪಿಎಸ್‌ಗೆ ರಾಜೀನಾಮೆ ಕೊಟ್ಟು, 2021ರಲ್ಲಿ ತಮಿಳುನಾಡಿನ ಅರವಕುರಿಚಿಯಲ್ಲಿ ನಿಂತು ಸೋತರು. ಜಿಲ್ಲೆಯ ಜನ ಎಸ್ಪಿಯೊಬ್ಬರನ್ನು ಮೆಚ್ಚುವುದೂ ಕ್ಷೇತ್ರದ ಜನ ಅಭ್ಯರ್ಥಿಯೊಬ್ಬರನ್ನು ಆರಿಸುವುದೂ ಬೇರೆ ಬೇರೆ ಲೆಕ್ಕ.

## ಸೇವೆ ಬಿಡುವುದು, ಕಣಕ್ಕಿಳಿಯುವುದು

ನಿನ್ನೆ ರಾಜೀನಾಮೆ, ಇವತ್ತು ಟಿಕೆಟ್. ಇದಕ್ಕೆ ತಡೆ ಇಲ್ಲವಾ?

ಕಾನೂನಿನ ತಡೆ ಇಲ್ಲ. ನಿವೃತ್ತರಾದ ಅಖಿಲ ಭಾರತ ಸೇವೆಯ ಅಧಿಕಾರಿ ಖಾಸಗಿ ಕಂಪನಿ ಸೇರಬೇಕಾದರೆ ಮೊದಲ ಒಂದು ವರ್ಷ ಸರ್ಕಾರದ ಅನುಮತಿ ಬೇಕು. ಆದರೆ ಪಕ್ಷವೊಂದನ್ನು ಸೇರಿ ಚುನಾವಣೆಗೆ ನಿಲ್ಲಲು ಒಂದು ದಿನವೂ ಕಾಯಬೇಕಿಲ್ಲ. ಇಲ್ಲಿಯೂ ಕಾಯುವ ಅವಧಿ ಇರಲಿ ಎಂದು ಚುನಾವಣಾ ಆಯೋಗ 2012ರಲ್ಲಿ ಶಿಫಾರಸು ಮಾಡಿತ್ತು; ಕೇಂದ್ರ ಸರ್ಕಾರ ಒಪ್ಪಲಿಲ್ಲ. 2022ರಲ್ಲಿ ಇದೇ ಬೇಡಿಕೆಯ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿ, ಇದು ಶಾಸಕಾಂಗಕ್ಕೆ ಬಿಟ್ಟ ವಿಷಯ ಎಂದಿತು.

ಕಾನ್ಪುರದ ಮೊದಲ ಪೊಲೀಸ್ ಕಮಿಷನರ್ ಅಸೀಮ್ ಅರುಣ್, ಉತ್ತರ ಪ್ರದೇಶದ ಚುನಾವಣಾ ವೇಳಾಪಟ್ಟಿ ಹೊರಬಿದ್ದ 2022ರ ಜನವರಿ 8ರಂದೇ ಸ್ವಯಂ ನಿವೃತ್ತಿಯ ನಿರ್ಧಾರ ಪ್ರಕಟಿಸಿದರು. ಎರಡು ತಿಂಗಳಲ್ಲಿ ಕನ್ನೌಜ್ ಶಾಸಕರಾಗಿ, ಸಚಿವರೂ ಆದರು. ಬಿಹಾರದ ಡಿಜಿಪಿ ಗುಪ್ತೇಶ್ವರ ಪಾಂಡೆ 2020ರ ಸೆಪ್ಟೆಂಬರಿನಲ್ಲಿ ಸ್ವಯಂ ನಿವೃತ್ತಿ ಪಡೆದು ವಾರದೊಳಗೆ ಜೆಡಿಯು ಸೇರಿದರೂ ಟಿಕೆಟ್ ಸಿಗಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಕಾಯುವ ಅವಧಿ ಬೇಕು. ಅಧಿಕಾರಿ ಪ್ರಾಮಾಣಿಕರಲ್ಲ ಎಂಬ ಅನುಮಾನದಿಂದ ಈ ಮಾತು ಹೇಳುತ್ತಿಲ್ಲ. ಕಮಿಷನರ್ ಕುರ್ಚಿಯಿಂದ ನೇರವಾಗಿ ಪಕ್ಷದ ವೇದಿಕೆಗೆ ಬಂದಾಗ, ಅವರು ಕೊನೆಯ ಆರು ತಿಂಗಳಲ್ಲಿ ಯಾವ ಮೆರವಣಿಗೆಗೆ ಅನುಮತಿ ಕೊಟ್ಟರು, ಯಾವುದಕ್ಕೆ ಕೊಡಲಿಲ್ಲ ಎಂಬುದನ್ನೆಲ್ಲ ಜನ ಹಿಂತಿರುಗಿ ಅನುಮಾನದಿಂದ ನೋಡತೊಡಗುತ್ತಾರೆ. ಅದರ ನೋವು ಇನ್ನೂ ಕೆಲಸದಲ್ಲಿರುವ ಸಹೋದ್ಯೋಗಿಗಳಿಗೆ ತಟ್ಟುತ್ತದೆ.

ಕೆಲಸದಿಂದ ವಜಾ ಆದವರು ನಿಲ್ಲಬಹುದಾ?

ವಜಾ ಆದ ಕಾರಣದ ಮೇಲೆ ಹೋಗುತ್ತದೆ. ಭ್ರಷ್ಟಾಚಾರ ಅಥವಾ ದೇಶಕ್ಕೆ ನಿಷ್ಠೆಯಿಲ್ಲದ ನಡತೆಗಾಗಿ ವಜಾ ಆದವರು ಐದು ವರ್ಷ ಅನರ್ಹರು ಎಂದು 1951ರ ಜನಪ್ರತಿನಿಧಿ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಬೇರೆ ಕಾರಣಕ್ಕೆ ವಜಾ ಆಗಿದ್ದರೂ ಐದು ವರ್ಷ ಕಳೆದಿಲ್ಲವಾದರೆ, ವಜಾ ಆಗಿದ್ದು ಆ ಎರಡು ಕಾರಣಗಳಿಗಲ್ಲ ಎಂಬ ಚುನಾವಣಾ ಆಯೋಗದ ಪ್ರಮಾಣಪತ್ರವನ್ನು ನಾಮಪತ್ರದ ಜೊತೆಗೇ ಸಲ್ಲಿಸಬೇಕು. ಗಡಿ ಭದ್ರತಾ ಪಡೆಯ ಊಟದ ಗುಣಮಟ್ಟದ ಬಗ್ಗೆ ವಿಡಿಯೊ ಮಾಡಿ 2017ರಲ್ಲಿ ವಜಾ ಆದ ತೇಜ್ ಬಹಾದ್ದೂರ್ ಯಾದವ್ ಅವರ ನಾಮಪತ್ರ 2019ರಲ್ಲಿ ವಾರಾಣಸಿಯಲ್ಲಿ ತಿರಸ್ಕೃತವಾದದ್ದು ಈ ಒಂದು ಪತ್ರ ಇಲ್ಲದ್ದಕ್ಕೆ. ಅದೇ ವರ್ಷ ಅವರು ಹರಿಯಾಣ ವಿಧಾನಸಭೆಗೆ ಕರ್ನಾಲ್‌ನಿಂದ ಸ್ಪರ್ಧಿಸಿ ಸೋತರು.

ಯೂನಿಫಾರಂ ಹಾಕಿದ ಫೋಟೊ ಪೋಸ್ಟರಿನಲ್ಲಿ ಹಾಕಬಹುದಾ?

ಮತಪತ್ರ ಮತ್ತು ಮತಯಂತ್ರದ ಮೇಲೆ ಅಂಟಿಸುವ ಭಾವಚಿತ್ರದಲ್ಲಂತೂ ಸಮವಸ್ತ್ರ ಇರುವಂತಿಲ್ಲ. ಸಾಮಾನ್ಯ ಉಡುಪಿನಲ್ಲಿ, ಇತ್ತೀಚಿನ ಮೂರು ತಿಂಗಳೊಳಗೆ ತೆಗೆಸಿದ ಚಿತ್ರ ಕೊಡಬೇಕೆಂದು ಆಯೋಗದ ಸೂಚನೆಯಿದೆ. ಪ್ರಚಾರದಲ್ಲಿ ರಕ್ಷಣಾ ಸಿಬ್ಬಂದಿಯ ಚಿತ್ರಗಳನ್ನು ಬಳಸಬಾರದೆಂದು ಪಕ್ಷಗಳಿಗೆ 2013ರಲ್ಲಿ ಹೇಳಿದ್ದನ್ನು ಆಯೋಗ 2019ರ ಮಾರ್ಚಿನಲ್ಲಿ ಮತ್ತೆ ನೆನಪಿಸಿತು. ಸೇನೆ ಎಲ್ಲ ಪಕ್ಷಗಳ ಮತದಾರರಿಗೂ ಸೇರಿದ್ದು ಎಂಬ ಭಾವನೆಯನ್ನು ಕಾಪಾಡುವುದು ಈ ಸೂಚನೆಯ ಉದ್ದೇಶ. ‘ನಾನು ಇಷ್ಟು ವರ್ಷ ಸೇವೆ ಸಲ್ಲಿಸಿದ್ದೇನೆ’ ಎಂದು ಮಾತಿನಲ್ಲಿ ಹೇಳಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆದರೆ ಸೇವೆಯಲ್ಲಿರುವ ಸೈನಿಕರು ಅಥವಾ ಪೊಲೀಸರ ನೆರವನ್ನು ಗೆಲುವಿಗಾಗಿ ಪಡೆದರೆ, ಅದು ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ, ಆಯ್ಕೆಯೇ ರದ್ದಾಗಬಹುದು.

ಅವರು ಹೇಳಿಕೊಳ್ಳುವ ಸೇವಾ ದಾಖಲೆ ನಿಜವೋ ಸುಳ್ಳೋ ಅಂತ ನಮ್ಮಂಥವರು ತಿಳಿಯೋದು ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರವೂ ಸ್ವಲ್ಪ ಉದ್ದವಾಗುತ್ತದೆ. ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ನಮೂನೆ 26ರಲ್ಲಿ ಅಫಿಡವಿಟ್ ಸಲ್ಲಿಸುತ್ತಾರೆ. ಅದು ಆಯೋಗದ ಜಾಲತಾಣದಲ್ಲಿ ಯಾರಿಗೂ ಸಿಗುತ್ತದೆ. ಅದರಲ್ಲಿ ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳು, ಆಸ್ತಿ, ಸಾಲ, ವೃತ್ತಿ, ಆದಾಯದ ಮೂಲ, ವಿದ್ಯಾರ್ಹತೆ ಇರುತ್ತವೆ. ಹಿಂದಿನ ಹತ್ತು ವರ್ಷಗಳಲ್ಲಿ ಸರ್ಕಾರಿ ವಸತಿಯಲ್ಲಿದ್ದಿದ್ದರೆ ಅದರ ಬಾಡಿಗೆ, ವಿದ್ಯುತ್, ನೀರಿನ ಬಾಕಿಯಿಲ್ಲವೆಂದೂ ತಿಳಿಸಬೇಕು; ಕ್ವಾರ್ಟರ್ಸ್‌ನಲ್ಲಿ ಬದುಕು ಕಳೆದ ಪೊಲೀಸರಿಗೂ ಸೈನಿಕರಿಗೂ ಈ ಅಂಶ ಮುಖ್ಯ. ಆದರೆ ಇಲಾಖಾ ವಿಚಾರಣೆ ನಡೆದಿತ್ತೇ, ಬಡ್ತಿ ತಡೆಹಿಡಿಯಲಾಗಿತ್ತೇ, ಅಮಾನತು ಆಗಿದ್ದರೇ ಎಂದು ಕೇಳುವ ಕಾಲಂ ಅದರಲ್ಲಿಲ್ಲ. ಇರಬೇಕಿತ್ತು ಎಂದು ನನಗನ್ನಿಸುತ್ತದೆ.

ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ ಎನ್ನುತ್ತಾರೆ. ನೌಕರರ ಸೇವಾ ದಾಖಲೆ, ಅವರಿಗೆ ಕೊಟ್ಟ ನೋಟಿಸು ಮತ್ತು ದಂಡನೆಯ ವಿವರಗಳು ವೈಯಕ್ತಿಕ ಮಾಹಿತಿ ಎಂದು ಸುಪ್ರೀಂ ಕೋರ್ಟ್ 2012ರ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಹೇಳಿರುವುದರಿಂದ ಆ ದಾರಿ ಕಿರಿದಾಗಿದೆ. ಪದಕಗಳ ವಿಷಯ ಹೀಗಲ್ಲ. ರಾಷ್ಟ್ರಪತಿಗಳ ಪೊಲೀಸ್ ಪದಕಗಳು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದಂದು ಪ್ರಕಟವಾಗುತ್ತವೆ. ಶೌರ್ಯ ಪ್ರಶಸ್ತಿಗಳು ಭಾರತದ ರಾಜ್ಯಪತ್ರದಲ್ಲಿ ದಾಖಲಾಗುತ್ತವೆ. ಪದಕ ಬಂದಿದೆ ಎನ್ನುವವರನ್ನು ಯಾವ ವರ್ಷ, ಯಾವ ಪದಕ ಎಂದು ವಿನಯದಿಂದಲೇ ಕೇಳಬಹುದು. ನಿಜವಾಗಿ ಪಡೆದವರು ಆ ಪ್ರಶ್ನೆಗೆ ಬೇಸರಪಡುವುದಿಲ್ಲ. ಹಾಗೆಯೇ ‘ಸೇನೆಯಲ್ಲಿದ್ದೆ’ ಎಂಬ ಮಾತಿನ ಹಿಂದೆ ಯಾವ ರೆಜಿಮೆಂಟ್ ಅಥವಾ ಕೋರ್, ಎಷ್ಟು ವರ್ಷ, ಹೇಗೆ ಹೊರಬಂದರು ಎಂಬ ಮೂರು ವಿವರಗಳಿರಬೇಕು. ಅವನ್ನು ಹೇಳಲು ಹಿಂಜರಿಯುವ ಮಾಜಿ ಸೈನಿಕರನ್ನು ನಾನು ಕಂಡಿಲ್ಲ.

## ಸದನದೊಳಗೆ ಆ ಹಿನ್ನೆಲೆ ಏನು ಮಾಡುತ್ತದೆ

ಮಿಲಿಟರಿ ಶಿಸ್ತಿನವರು ಬಂದರೆ ಆಡಳಿತ ಸರಿಹೋಗುತ್ತೆ ಅಲ್ಲವಾ?

ಸೇನೆಯ ಶಿಸ್ತು ಆದೇಶದ ಮೇಲೆ ನಿಂತದ್ದು. ಶಾಸನಸಭೆಯ ಕೆಲಸ ಒಪ್ಪಿಸುವುದರ ಮೇಲೆ. ಶಾಸಕರು ತಹಶೀಲ್ದಾರರಿಗಾಗಲಿ ಎಂಜಿನಿಯರಿಗಾಗಲಿ ಮೇಲಧಿಕಾರಿಯಲ್ಲ. ಸದನದಲ್ಲಿ ಪ್ರಶ್ನೆ ಕೇಳಿ, ಸಮಿತಿಯಲ್ಲಿ ಕಡತ ತರಿಸಿ, ಬಜೆಟ್ ಚರ್ಚೆಯಲ್ಲಿ ಒತ್ತಾಯಿಸಿ ಕೆಲಸ ಆಗಿಸಬೇಕಾದವರು. ಆದೇಶ ಕೊಟ್ಟು ರೂಢಿಯಾದವರಿಗೆ ಮೊದಲ ವರ್ಷ ಕಷ್ಟವಾದರೆ ಆಶ್ಚರ್ಯವಿಲ್ಲ. ಆದರೂ ಸೇನೆಯಿಂದ ಬರುವ ಒಂದು ಗುಣ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ: ಯೋಜನೆಯನ್ನು ಸರಬರಾಜು, ಗಡುವು, ಹೊಣೆಗಾರಿಕೆಗಳಾಗಿ ಬಿಡಿಸಿ ನೋಡುವ ಅಭ್ಯಾಸ.

ಉತ್ತರಾಖಂಡದ ಬಿ.ಸಿ. ಖಂಡೂರಿ ಅವರನ್ನೇ ನೋಡಿ. ಸೇನೆಯ ಎಂಜಿನಿಯರ್ಸ್ ಕೋರ್‌ನಲ್ಲಿ ಮೇಜರ್ ಜನರಲ್ ಆಗಿ ನಿವೃತ್ತರಾದ ಅವರು ವಾಜಪೇಯಿ ಸರ್ಕಾರದಲ್ಲಿ ಹೆದ್ದಾರಿ ಖಾತೆ ನೋಡಿಕೊಂಡು, ನಾಲ್ಕು ಮಹಾನಗರಗಳನ್ನು ಜೋಡಿಸುವ ಸುವರ್ಣ ಚತುಷ್ಪಥ ಹೆದ್ದಾರಿಯ ಕೆಲಸದಿಂದ ಹೆಸರಾದರು. 2007ರಲ್ಲಿ ಮುಖ್ಯಮಂತ್ರಿಯಾದ ಅವರನ್ನು 2009ರಲ್ಲಿ ಪಕ್ಷವೇ ಬದಲಿಸಿ, 2011ರಲ್ಲಿ ಮತ್ತೆ ಕರೆತಂದಿತು. 2012ರ ಚುನಾವಣೆಯನ್ನು ಅವರ ಹೆಸರಿನ ಮೇಲೆಯೇ ಎದುರಿಸಿದ ಪಕ್ಷ 70ರಲ್ಲಿ 31 ಸ್ಥಾನ ಗೆದ್ದಿತು, ಕಾಂಗ್ರೆಸ್ 32. ಖಂಡೂರಿ ಸ್ವತಃ ಕೋಟದ್ವಾರದಲ್ಲಿ ಸೋತರು. ರಸ್ತೆ ಕಟ್ಟುವ ಕೆಲಸದಲ್ಲಿ ಅವರ ಸೈನಿಕ ಅನುಭವ ನೇರವಾಗಿ ಒದಗಿತು. ಗುಂಪುಗಾರಿಕೆಯನ್ನು ನಿಭಾಯಿಸುವುದರಲ್ಲಿ ಅಷ್ಟಾಗಿ ಒದಗಲಿಲ್ಲ.

ಸೈನ್ಯದಿಂದ ಬಂದವರು ಸೈನ್ಯದ ತಪ್ಪನ್ನು ಪ್ರಶ್ನೆ ಮಾಡ್ತಾರಾ?

ಮಾಡಿದವರಿದ್ದಾರೆ. ಮಿಜೋರಾಂನ ಬ್ರಿಗೇಡಿಯರ್ ತೆನ್‌ಫುಂಗಾ ಸೈಲೊ ಅವರ ಬದುಕು ಕನ್ನಡದಲ್ಲಿ ಹೆಚ್ಚು ಚರ್ಚೆಯಾಗಿಲ್ಲವಾದ್ದರಿಂದ ವಿವರವಾಗಿ ಬರೆಯುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆ ಸೇರಿದ ಅವರು ಬ್ರಿಗೇಡಿಯರ್ ಹುದ್ದೆಗೇರಿದ ಮೊದಲ ಮಿಜೊ. ಅವರು ಸೇವೆಯಲ್ಲಿದ್ದಾಗಲೇ, 1966ರಲ್ಲಿ ಪ್ರತ್ಯೇಕ ದೇಶ ಬಯಸಿದ್ದ ಮಿಜೊ ನ್ಯಾಷನಲ್ ಫ್ರಂಟ್‌ನ ಬಂಡಾಯ ಭುಗಿಲೆದ್ದು, ಐಜಾಲ್ ಮೇಲೆ ಭಾರತೀಯ ವಾಯುಪಡೆಯ ದಾಳಿ ನಡೆಯಿತು. ಮರುವರ್ಷದಿಂದ ಹಳ್ಳಿಹಳ್ಳಿಗಳನ್ನು ಎಬ್ಬಿಸಿ, ರಸ್ತೆ ಬದಿಯ ಕಾವಲಿನ ನೆಲೆಗಳಿಗೆ ಸಾಗಿಸಲಾಯಿತು. ಹೊಲ, ಮನೆ, ಸಮಾಧಿಗಳನ್ನು ಬಿಟ್ಟು ನಡೆದವರ ನೆನಪು ಆ ನಾಡಿನಲ್ಲಿ ಇಂದಿಗೂ ಹಸಿಯಾಗಿದೆ.

1974ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದ ಸೈಲೊ ಅದೇ ವರ್ಷ ಮಾನವ ಹಕ್ಕುಗಳ ಸಮಿತಿಯೊಂದನ್ನು ಕಟ್ಟಿದರು. ಭದ್ರತಾ ಪಡೆಗಳಿಂದ ಜನಸಾಮಾನ್ಯರಿಗಾದ ಅನ್ಯಾಯಗಳ ಬಗ್ಗೆ ದನಿಯೆತ್ತುವುದು ಅದರ ಕೆಲಸ. ಜೀವಮಾನವನ್ನೇ ಆ ಸಮವಸ್ತ್ರದಲ್ಲಿ ಕಳೆದವರೊಬ್ಬರು ಈ ಕೆಲಸಕ್ಕಿಳಿಯಲು ಎಷ್ಟು ನೈತಿಕ ಧೈರ್ಯ ಬೇಕಿತ್ತೆಂದು ಊಹಿಸಿ. ಅದೇ ವೇಳೆ ಅವರು ಬಂಡುಕೋರರ ಪಕ್ಷವನ್ನೂ ವಹಿಸಲಿಲ್ಲ. 1975ರಲ್ಲಿ ಪೀಪಲ್ಸ್ ಕಾನ್ಫರೆನ್ಸ್ ಪಕ್ಷ ಸ್ಥಾಪಿಸಿ, 1978ರಲ್ಲಿ ಮುಖ್ಯಮಂತ್ರಿಯಾಗಿ, ಆ ಸರ್ಕಾರ ಬೇಗ ಉರುಳಿದರೂ 1979ರಲ್ಲಿ ಮತ್ತೆ ಗೆದ್ದು 1984ರವರೆಗೆ ಆಡಳಿತ ನಡೆಸಿದರು. ಆಗ ಮಿಜೋರಾಂ ಇನ್ನೂ ಕೇಂದ್ರಾಡಳಿತ ಪ್ರದೇಶ, ರಾಜ್ಯವಾದದ್ದು 1987ರಲ್ಲಿ. ಸೇನೆಯ ಒಳಗನ್ನು ಬಲ್ಲವರಾದ್ದರಿಂದಲೇ ಅವರ ಮಾತನ್ನು ‘ತಿಳಿಯದವರ ಆರೋಪ’ ಎಂದು ಪಕ್ಕಕ್ಕೆ ಸರಿಸುವುದು ಸುಲಭವಾಗಿರಲಿಲ್ಲ. ಸೇವಾ ಹಿನ್ನೆಲೆಯಿಂದ ಸಮಾಜಕ್ಕೆ ಸಿಗಬಹುದಾದ ಅತಿ ದೊಡ್ಡ ಪ್ರಯೋಜನ ಇದೇ ಎಂದು ನಾನು ಎಣಿಸುತ್ತೇನೆ.

ಪೊಲೀಸ್ ಆಗಿದ್ದ ಶಾಸಕರು ಠಾಣೆಗೆ ಒಂದು ಫೋನ್ ಮಾಡಿದರೆ ಕೆಲಸ ಆಗುತ್ತಲ್ಲ, ತಪ್ಪೇನು?

ದೂರು ಕೊಡಲು ಹೋದವರನ್ನು ಠಾಣೆಯಲ್ಲಿ ಗಂಟೆಗಟ್ಟಲೆ ಕೂರಿಸಿದ್ದಾರೆ ಎಂದಾಗ ಶಾಸಕರು ವಿಚಾರಿಸುವುದರಲ್ಲಿ ತಪ್ಪಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಅದನ್ನು ನೆನಪಿಸುವುದು ಜನಪ್ರತಿನಿಧಿಯ ಕೆಲಸವೇ. ಯಾರನ್ನು ಬಂಧಿಸಬೇಕು, ಯಾರನ್ನು ಬಿಡಬೇಕು, ಯಾವ ಸೆಕ್ಷನ್ ಹಾಕಬೇಕು ಎಂದು ಹೇಳುವುದು ಅವರ ಕೆಲಸವಲ್ಲ. ಠಾಣೆಯ ಭಾಷೆ ಬಲ್ಲ ಮಾಜಿ ಅಧಿಕಾರಿಗೆ, ತಮ್ಮ ಕೈಕೆಳಗೆ ದುಡಿದವರೇ ಇನ್ಸ್‌ಪೆಕ್ಟರ್ ಆಗಿರುವಲ್ಲಿ, ಈ ಗೆರೆಯನ್ನು ದಾಟುವುದು ಸುಲಭ. ಹಾಗಾಗಿ ಅವರು ಇತರ ಶಾಸಕರಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

ಅವರು ಮಾಡಬಹುದಾದ ಕೆಲಸ ಬೇರೆಯೇ ಇದೆ. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಏಳು ನಿರ್ದೇಶನಗಳನ್ನು ಕೊಟ್ಟಿತು: ಠಾಣಾಧಿಕಾರಿಗಳಿಗೂ ಎಸ್ಪಿಗಳಿಗೂ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಪೊಲೀಸ್ ಸಿಬ್ಬಂದಿ ಮಂಡಳಿ, ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸುವುದು, ಜನರ ದೂರಿಗೆ ಪ್ರತ್ಯೇಕ ಪ್ರಾಧಿಕಾರ ಮುಂತಾದವು. ಅವು ತಮ್ಮ ಜಿಲ್ಲೆಯಲ್ಲಿ ಎಷ್ಟು ಜಾರಿಯಾಗಿವೆ ಎಂದು ಸದನದಲ್ಲಿ ಅಂಕಿಅಂಶ ಕೇಳಲು, ರಾತ್ರಿ ಪಾಳಿಯ ಕಾನ್‌ಸ್ಟೆಬಲ್‌ಗೆ ವಾರದ ರಜೆ ಸಿಗುತ್ತಿದೆಯೇ ಎಂದು ವಿಚಾರಿಸಲು, ಆ ಪಾಳಿ ಮಾಡಿ ಗೊತ್ತಿರುವವರಿಗಿಂತ ಯೋಗ್ಯರು ಯಾರಿದ್ದಾರೆ?

ತಾವೇ ತನಿಖೆ ಮಾಡಿದ ಕೇಸಿನ ಮೇಲೆ ರಾಜಕೀಯಕ್ಕೆ ಬರೋದು ಸರಿಯಾ?

ಪಂಜಾಬಿನ ಐಜಿ ಕುನ್ವರ್ ವಿಜಯ್ ಪ್ರತಾಪ್ ಸಿಂಗ್ 2015ರ ಕೋಟ್‌ಕಪೂರಾ ಗೋಲಿಬಾರ್ ತನಿಖೆ ನಡೆಸಿದ ತಂಡದಲ್ಲಿದ್ದರು. 2021ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ತನಿಖೆಯ ವರದಿಯನ್ನು ರದ್ದುಪಡಿಸಿ, ಅವರಿಲ್ಲದ ಹೊಸ ತಂಡಕ್ಕೆ ಆದೇಶಿಸಿತು. ಅವರು ಸೇವೆ ಬಿಟ್ಟು, ಜೂನ್‌ನಲ್ಲಿ ಆಮ್ ಆದ್ಮಿ ಪಕ್ಷ ಸೇರಿ, 2022ರಲ್ಲಿ ಅಮೃತಸರ ಉತ್ತರದ ಶಾಸಕರಾದರು. ನ್ಯಾಯ ಸಿಗಲಿಲ್ಲವೆಂಬ ನೋವಿನಿಂದ ರಾಜಕೀಯಕ್ಕೆ ಬರುವ ಹಕ್ಕು ಅಧಿಕಾರಿಗಿದೆ. ಆದರೆ ವಿಚಾರಣೆ ಮುಗಿಯದ ಪ್ರಕರಣ ಚುನಾವಣೆಯ ಮಾತಾದಾಗ, ಆರೋಪಿಗಳ ವಕೀಲರ ಕೈಗೆ ‘ತನಿಖೆ ಮೊದಲಿಂದಲೂ ರಾಜಕೀಯವಾಗಿತ್ತು’ ಎಂಬ ವಾದ ಸಿಗುತ್ತದೆ, ನಷ್ಟ ಸಂತ್ರಸ್ತರದ್ದು.

‘ಸಮಾಜಸೇವಕರು’ ಅಂತ ಎಲ್ಲರೂ ಬರೆದುಕೊಳ್ತಾರೆ. ನಿಜವಾದ ಸೇವೆ ಗುರುತಿಸೋದು ಹೇಗೆ?

ಸಂವಿಧಾನವೇ ಸಮಾಜಸೇವೆಯನ್ನು ಶಾಸಕತ್ವಕ್ಕೆ ಯೋಗ್ಯವಾದ ಅನುಭವ ಎಂದು ಹೆಸರಿಸಿದೆ. 171ನೇ ವಿಧಿಯಡಿ ವಿಧಾನ ಪರಿಷತ್ತಿಗೆ ರಾಜ್ಯಪಾಲರು ನಾಮಕರಣ ಮಾಡುವವರು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ ಅಥವಾ ಸಮಾಜಸೇವೆಯಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಉಳ್ಳವರಾಗಿರಬೇಕು. ಕರ್ನಾಟಕದ 75 ಸದಸ್ಯರ ಪರಿಷತ್ತಿನಲ್ಲಿ ಇಂಥ 11 ಸ್ಥಾನಗಳಿವೆ. ಆ ಸ್ಥಾನಗಳನ್ನು ಪಕ್ಷದಲ್ಲಿ ಟಿಕೆಟ್ ತಪ್ಪಿದವರ ಸಮಾಧಾನಕ್ಕೆ ಬಳಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗುರುತಿಸುವ ಬಗೆಗೆ ಮಿಜೋರಾಂ ಒಳ್ಳೆಯ ಪಾಠ. ಅಲ್ಲಿ 1935ರಲ್ಲಿ ಹುಟ್ಟಿದ ಯಂಗ್ ಮಿಜೊ ಅಸೋಸಿಯೇಷನ್ ಸಾವಿನ ಮನೆಯಲ್ಲಿ ಗುಂಡಿ ತೋಡುವುದರಿಂದ ಹಿಡಿದು ಕಳೆದುಹೋದವರನ್ನು ಕಾಡಿನಲ್ಲಿ ಹುಡುಕುವವರೆಗೆ ಊರಿನ ಕೆಲಸಗಳನ್ನು ಹೊತ್ತುಕೊಳ್ಳುತ್ತದೆ. ತನ್ನ ಅನುಕೂಲ ಬದಿಗಿಟ್ಟು ಇನ್ನೊಬ್ಬರಿಗೆ ಒದಗುವ ಗುಣವನ್ನು ಅವರು ‘ತ್ಲೊಮ್ಙೈಹ್ನ’ ಎನ್ನುತ್ತಾರೆ. ಅದು ಹೇಳಿಕೊಳ್ಳದೆ ಮಾಡುವ ಕೆಲಸ. ನಮ್ಮಲ್ಲೂ ಕೆರೆಯ ಹೂಳೆತ್ತಿಸಿದವರು, ರಕ್ತದಾನಕ್ಕೆ ನಡುರಾತ್ರಿ ಓಡಿದವರು, ಹಾಲಿನ ಸೊಸೈಟಿಯ ಲೆಕ್ಕವನ್ನು ವರ್ಷಗಟ್ಟಲೆ ಶುದ್ಧವಾಗಿಟ್ಟವರು ಇದ್ದಾರೆ. ಚುನಾವಣೆಗೆ ಮೂರು ವರ್ಷ ಮೊದಲೂ ಅವರು ಅದನ್ನೇ ಮಾಡುತ್ತಿದ್ದರೇ, ಸೋತ ಮೇಲೂ ಮುಂದುವರಿಸಿದರೇ ಎಂದು ಊರಿನವರನ್ನು ಕೇಳಿದರೆ ಉತ್ತರ ತಿಳಿಯುತ್ತದೆ.

ಶಿಸ್ತಿನ ಇಲಾಖೆಯಿಂದ ಬಂದವರು ಪಕ್ಷದ ಶಿಸ್ತನ್ನೂ ಪಾಲಿಸ್ತಾರಾ?

ಪಾಲಿಸದ ಇಬ್ಬರು ಮಿಜೊ ಐಪಿಎಸ್ ಅಧಿಕಾರಿಗಳ ಉದಾಹರಣೆ ಕೊಡಬಹುದು. ಬೆಂಗಳೂರಿಗೆ ಚಿರಪರಿಚಿತರಾದ ಸಾಂಗ್ಲಿಯಾನ 2008ರ ಜುಲೈನಲ್ಲಿ ಅಣು ಒಪ್ಪಂದದ ಹಿನ್ನೆಲೆಯ ವಿಶ್ವಾಸಮತದಲ್ಲಿ ಬಿಜೆಪಿಯ ವಿಪ್ (ಹೇಗೆ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಸರ್ಕಾರದ ಪರ ಮತ ಹಾಕಿ ಉಚ್ಚಾಟಿತರಾದರು. ಮರುವರ್ಷ ಕಾಂಗ್ರೆಸ್ಸಿನಿಂದ ನಿಂತು ಸೋತರು.

ಇನ್ನೊಬ್ಬರು ಲಾಲ್‌ದುಹೋಮಾ. 1977ರಲ್ಲಿ ಐಪಿಎಸ್ ಸೇರಿ, ಗೋವಾದಲ್ಲಿ ಕಳ್ಳಸಾಗಣೆಯ ವಿರುದ್ಧ ಕೆಲಸ ಮಾಡಿ, ಇಂದಿರಾ ಗಾಂಧಿಯವರ ಭದ್ರತಾ ಹೊಣೆ ಹೊತ್ತು, 1984ರಲ್ಲಿ ಹುದ್ದೆ ಬಿಟ್ಟು ಕಾಂಗ್ರೆಸ್ ಸಂಸದರಾದರು. ಪಕ್ಷ ತೊರೆದ ಕಾರಣ 1988ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹರಾದ ದೇಶದ ಮೊದಲ ಸಂಸದ ಎನಿಸಿಕೊಂಡರು. 2018ರಲ್ಲಿ ಪಕ್ಷೇತರರಾಗಿ ಮಿಜೋರಾಂನ ಸೆರ್ಛಿಪ್‌ನಲ್ಲಿ ಅಂದಿನ ಮುಖ್ಯಮಂತ್ರಿಯನ್ನೇ ಸೋಲಿಸಿದರು. ಆಮೇಲೆ ಜೋರಾಂ ಪೀಪಲ್ಸ್ ಮೂವ್‌ಮೆಂಟ್ ಸೇರಿದರೆಂದು ಸ್ಪೀಕರ್ 2020ರಲ್ಲಿ ಅವರ ಶಾಸಕತ್ವ ರದ್ದುಪಡಿಸಿದರು. 2021ರ ಉಪಚುನಾವಣೆಯಲ್ಲಿ ಅದೇ ಕ್ಷೇತ್ರದ ಜನ ಅವರನ್ನು ಮತ್ತೆ ಆರಿಸಿದರು. ಎರಡು ಸಲ ಅನರ್ಹರಾಗಿ ಹೊರಬಂದು, ಎರಡು ಸಲವೂ ಜನರ ಬಳಿಗೇ ಹಿಂದಿರುಗಿದ್ದು ಅವರ ವೃತ್ತಿ ಕಲಿಸಿದ ಶಿಸ್ತೇ ಆಗಿತ್ತೆಂದು ನಾನು ಓದಿಕೊಳ್ಳುತ್ತೇನೆ. ಬೇರೆಯವರು ಅದನ್ನು ಪಕ್ಷನಿಷ್ಠೆಯ ಕೊರತೆ ಎಂದು ಓದಬಹುದು. 2023ರ ಚುನಾವಣೆಯಲ್ಲಿ ಅವರ ಪಕ್ಷ 40ರಲ್ಲಿ 27 ಸ್ಥಾನ ಗೆದ್ದಿತು, ಡಿಸೆಂಬರ್ 8ರಂದು ಅವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.